ಕಾಡಿನಲ್ಲಿ ಮಂಗನಿಗೆ ಮಣ್ಣು ಕೊಟ್ಟದ್ದು

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳಿದ್ದಾಗಲೇ ಹೇಳಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ನಮ್ಮ ಮಗಳು ಸತ್ತದ್ದು ನನ್ನಿಂದ. ಬೇರೊಬ್ಬ ಹೆಂಗಸಿನಿಂದ ಎಂದು ಹೆಂಡತಿ ಕಡೆಯವರೆಗೂ ನಂಬಿದ್ದಳು. ಹಾಗೆ ನಂಬಿಸಿದವನೂ ನಾನೇ.

ಆಗ ನಾನು ಮಾನ್ವಿಯಲ್ಲಿ ಸರ್ಕಾರಿ ಗುಮಾಸ್ತ. ಕಚೇರಿಯ ಟೈಪಿಸ್ಟ್ ಒಬ್ಬರು ಹೊನ್ನಾವರದ ಕಡೆಯವರು. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಸ್ವಂತ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ಅಲ್ಲಿಂದ ಕಾಗದ ಬರೆದು, ಬೇಸಿಗೆ ರಜೆಗೆ ಮಗಳನ್ನು ಕರೆದುಕೊಂಡು ಬನ್ನಿ, ನಿಜವಾದ ಕಾಡು ತೋರಿಸೋಣ ಎಂದರು. ಮಗಳಿಗೆ ಹತ್ತು ವರ್ಷ, ಒಬ್ಬಳೇ. ಅವಳ ಪಾಲಿಗೆ ಕಾಡೆಂದರೆ ಕಾಲುವೆ ದಂಡೆಯ ಜಾಲಿ ಗಿಡಗಳು.

ಒಂದು ಟ್ರಂಕು, ಒಂದು ಚೀಲ ಜೋಳದ ಹಿಟ್ಟು ಹೊತ್ತುಕೊಂಡು ಹೊರಟೆವು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿಯುವಾಗ ಹೆಂಡತಿ ಉದ್ದಕ್ಕೂ ವಾಂತಿ ಮಾಡಿಕೊಂಡಳು. ಮಗಳು ಕಿಟಕಿಯಿಂದ ತಲೆ ಒಳಗೆಳೆಯಲೇ ಇಲ್ಲ. "ಯಪ್ಪಾ, ಇಲ್ಲಿ ಬಿಸಿಲು ನೆಲಕ್ಕ ಬೀಳಂಗೇ ಇಲ್ಲಲ್ಲ!" ಎಂದಳು.

ಟೈಪಿಸ್ಟರು ನಮಗೆ ಇಳಿದುಕೊಳ್ಳಲು ಕಾಡಂಚಿನ ಒಂದು ಹಾಲಕ್ಕಿ ಒಕ್ಕಲಿಗರ ಮನೆ ಗೊತ್ತು ಮಾಡಿದ್ದರು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ಗಂಡ ಜೇನು, ದಾಲ್ಚಿನ್ನಿ ತರುತ್ತಿದ್ದ. ನನಗೆ ಮಾನ್ವಿ ಸಂತೆಯ ಓಣಿಗಳು ಹೇಗೋ ಅವನಿಗೆ ಕಾಡಿನ ದಾರಿ ಅಷ್ಟು ಸಲೀಸು. ಅವನ ಹೆಂಡತಿಯ ಕೊರಳ ತುಂಬ ಮಣಿಸರ. ರವಿಕೆ ಇಲ್ಲದೆ, ಸೀರೆಯನ್ನು ಹೆಗಲ ಮೇಲೆ ಗಂಟು ಹಾಕಿ ಉಡುತ್ತಿದ್ದಳು. ಮೊದಲ ದಿನವೇ ನನ್ನ ಮಗಳು ಅವಳ ಬೆನ್ನು ಹತ್ತಿದಳು. ಗೆಡ್ಡೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಊದಿ ಊದಿ ಬಾಯಿಗಿಡುತ್ತಿದ್ದಳು ಆಕೆ. ನನ್ನ ಹೆಂಡತಿ ಅಲ್ಲೂ ಒಲೆ ಹೂಡಿ ರೊಟ್ಟಿ ಬಡಿದಾಗ ಆಕೆ ಬೆರಗಾಗಿ, "ಅಯ್ಯೋ, ಕೈಯಲ್ಲೇ ಚಪ್ಪಾಳೆ ಹೊಡೆದು ಅಡಿಗೆ ಮಾಡ್ತಾರೆ ಇವರು!" ಎಂದು ನಕ್ಕಳು.

ಎರಡು ದಿನ ಆಕೆಯ ಗಂಡನ ಹಿಂದೆ ಕಾಡು ತಿರುಗಿದೆವು. ಬೆಕ್ಕಿಗಿಂತ ದೊಡ್ಡ ಕೆಂಪು ಅಳಿಲು ನೋಡಿದೆವು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದಾಗ ರೆಕ್ಕೆಯ ಸದ್ದಿಗೆ ನಾನೇ ಬಗ್ಗಿದೆ. "ಯಪ್ಪಾ, ಹಕ್ಕಿಗೆ ಹೆದರ್ತೀರೇನ್ರಿ?" ಎಂದು ಮಗಳು ಕಾಡಿಗೆಲ್ಲ ಕೇಳುವಂತೆ ನಕ್ಕಳು. ಅವನು ಬಾಯಿಗೆ ಬೆರಳಿಟ್ಟು ತೋರಿಸಿದ. ಅಲ್ಲಿಂದ ಮುಂದೆ ಅವಳು ತುಟಿ ಬಿಗಿಹಿಡಿದು, ಹೆಗಲು ಕುಣಿಸಿ ನಕ್ಕಳು.

ಮೂರನೆಯ ಬೆಳಿಗ್ಗೆ ಸಿಂಗಳೀಕ ನೋಡಲು ನಾವು ಮೂವರೇ ಹೋದೆವು. ಹೆಂಡತಿ ಕಾಲು ನೋವೆಂದು ಉಳಿದಳು. ಅರ್ಧ ತಾಸು ನಡೆದಿರಬಹುದು, ದಾರಿಯಲ್ಲೊಂದು ಮಂಗ ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ. ಅವನು ತಟ್ಟನೆ ನಿಂತು, ಎರಡೂ ಕೈ ಚಾಚಿ ನಮ್ಮನ್ನು ತಡೆದ.

"ಮಂಗ ಬಿದ್ದದೆ. ಇನ್ನು ಈ ದಾರಿ ಬೇಡ. ತಿರುಗಿ."

ನಾನು ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ. ನಮ್ಮ ಕಡೆ ಮಂಗ ಸತ್ತರೆ ಅದು ಹಣಮಪ್ಪ. ಕುರ್ಚಿಯ ಮೇಲೆ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಭಜನೆ ಮಾಡುತ್ತ ಊರೆಲ್ಲ ಮೆರೆಸಿ ಮಣ್ಣು ಮಾಡುತ್ತಾರೆ. ಆ ಕುರ್ಚಿಗೆ ನಮ್ಮಪ್ಪ ಹೆಗಲು ಕೊಟ್ಟದ್ದನ್ನು ನಾನು ನೋಡಿದ್ದೇನೆ. ದಾಟಿಕೊಂಡು ಹೋಗುವುದು ನನ್ನಿಂದಾಗಲಿಲ್ಲ.

"ಹಣಮಪ್ಪನ್ನ ಹಿಂಗ ಬಿಟ್ಟು ಹೋಗೂದೇನು? ಒಂದು ಹಿಡಿ ಮಣ್ಣು ಹಾಕಿ ಹೋಗೂಣು," ಎಂದೆ.

"ಮುಟ್ಟಬೇಡಿ. ಮಂಗ ಸತ್ತಲ್ಲಿ ಉಣ್ಣಿ ಇರ್ತದೆ. ಕಚ್ಚಿದರೆ ಜ್ವರ. ಆಚೆ ಕೇರಿಯಲ್ಲಿ ಜನ ಸತ್ತಿದ್ದಾರೆ."

"ದೇವರ ಕೆಲಸಕ್ಕ ಯಾವ ಜ್ವರ ಬರ್ತದ?"

"ನಿಮ್ಮ ಊರಲ್ಲಿ ನಿಮ್ಮ ಹಾಗೆ ಮಾಡಿ. ಇಲ್ಲಿ ನಾ ಹೇಳಿದ್ದು ಕೇಳಿ," ಎಂದ ಅವನು. ಮಗಳ ಕೈ ಹಿಡಿದು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ.

ಅವನ ಮಾತು ನನ್ನನ್ನು ಕೆಣಕಿತು. ಓದು ಬಾರದವನು ನನಗೆ ಹೇಳುವುದೇ ಎಂಬ ಸೊಕ್ಕು. ಕೋಲಿನಿಂದ ಕುಣಿ ಕೆದರಿ, ಮಂಗನನ್ನು ಅದರೊಳಗೆ ಸರಿಸಿ ಮಣ್ಣೆಳೆದೆ. ಆಮೇಲೆ ಮಗಳನ್ನು ಕರೆದೆ. "ಬಾರವ್ವಾ, ನಾಕು ಎಲಿ, ಹೂವು ಹರಕೊಂಡು ಬಾ."

ಅವನು ಅವಳ ಕೈ ಬಿಡಲಿಲ್ಲ. ಅವಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಇನ್ನೊಮ್ಮೆ ದನಿ ಏರಿಸಿ ಕರೆದೆ. ಅವಳು ಕೈ ಬಿಡಿಸಿಕೊಂಡು ಬಂದಳು. ಪೊದೆಯೊಳಗೆ ಹೊಕ್ಕು ಉಡಿ ತುಂಬ ಎಲೆ ತಂದಳು. ತರಗಿನ ಮೇಲೆ ಮಂಡಿಯೂರಿ ಕುಳಿತು ಆ ಮಣ್ಣಿನ ಮೇಲೆ ಒಂದೊಂದೇ ಜೋಡಿಸಿದಳು.

ಹಿಂದಿರುಗುವಾಗ ಅವನು ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆದ. ನಾನು ಮಗಳಿಗೆ ಮೆಲ್ಲಗೆ, "ಅವ್ವಗ ಹೇಳಬ್ಯಾಡ, ಸುಮ್ಮನ ಅಂಜತಾಳ," ಎಂದೆ. "ಹೇಳಂಗಿಲ್ಲ ಯಪ್ಪಾ," ಎಂದಳು.

ಗಂಡನಿಂದ ವಿಷಯ ತಿಳಿದ ಆ ಹೆಂಗಸು ನನ್ನನ್ನು ಒಂದು ಸಲ ನೋಡಿದಳು, ಅಷ್ಟೇ. ಮಗಳನ್ನು ಬಚ್ಚಲಿಗೆ ಎಳೆದೊಯ್ದು ಬಿಸಿನೀರೆರೆದು, ಕಿವಿಯ ಹಿಂದೆ, ಮಂಡಿಯ ಸಂದಿಯಲ್ಲಿ ಹುಡುಕಿ ಹುಡುಕಿ ಉಣ್ಣಿ ಕಿತ್ತಳು. ಏನೆಂದು ಕೇಳಿದ ನನ್ನ ಹೆಂಡತಿಗೆ ನಾನೇ, "ಕಾಡಿನ ಹೊಲಸು," ಎಂದುಬಿಟ್ಟೆ.

ಮಾನ್ವಿಗೆ ಬಂದ ನಾಲ್ಕನೆಯ ದಿನ ಮಗಳಿಗೆ ಜ್ವರ ಬಂತು. ತಲೆ ಸಿಡಿಯುತ್ತದೆ ಎಂದು ಗೋಡೆಗೆ ಒತ್ತಿಕೊಂಡಳು. ಮೂಗಿನಲ್ಲಿ ರಕ್ತ ಸೋರಿದಾಗ ರಾಯಚೂರಿಗೆ ಕರೆದೊಯ್ದೆವು. ಆಸ್ಪತ್ರೆಯ ಡಾಕ್ಟರು, "ಎಲ್ಲಿಗೆ ಹೋಗಿದ್ರಿ? ಅಲ್ಲಿ ಏನಾದ್ರೂ ಆಯ್ತಾ?" ಎಂದು ಕೇಳಿದರು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಗುರ್ತಿನವರ ಊರಿಗೆ ಹೋಗಿದ್ವಿ. ಹೊರಗ ಏನೋ ತಿಂದಾಳ್ರಿ," ಎಂದೆ.

ಮಗಳು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಕೊಟ್ಟ ಮಾತು ಉಳಿಸಿಕೊಂಡಳು. ಮೂರನೆಯ ದಿನ ಮಧ್ಯಾಹ್ನ ಹೋದಳು.

ಆ ಜ್ವರಕ್ಕೆ ಆಗ ಔಷಧವೇ ಇರಲಿಲ್ಲವೆಂದು ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯಲ್ಲಿ ಓದಿದೆ. ಹೇಳಿದ್ದರೂ ಉಳಿಯುತ್ತಿರಲಿಲ್ಲವೇನೋ. ಆದರೆ ಅದು ತಿಳಿದಿತ್ತೆಂದು ನಾನು ಸುಮ್ಮನಿದ್ದದ್ದಲ್ಲ. ಹೆಂಡತಿಗೆ ಹೆದರಿ ಸುಮ್ಮನಿದ್ದೆ.

ಮಣ್ಣು ಮಾಡಿ ಬಂದ ದಿನ ಹೆಂಡತಿ ಕೇಳಿದಳು, "ಆ ಗುಡ್ಡದಾಕಿ ಏನು ತಿನಿಸಿದ್ಲು ನನ್ನ ಕೂಸಿಗೆ?"

"ಅದೇನೋ ಗಡ್ಡಿ," ಎಂದೆ.

ಅಂದಿನಿಂದ ಅವಳು ಆ ಹೆಂಗಸಿಗೆ ಶಾಪ ಹಾಕದ ದಿನವಿಲ್ಲ. "ಬಂಜಿ, ನನ್ನ ಮಗಳ ಮ್ಯಾಲೆ ಕಣ್ಣು ಹಾಕಿದ್ಲು. ಆಕಿ ಕೈಗೆ ಹುಳ ಬೀಳ್ಲಿ," ಎನ್ನುತ್ತಿದ್ದಳು. ನಾನು ಊಟ ಮಾಡುತ್ತ ಕೇಳುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಟೈಪಿಸ್ಟರ ಕಾರ್ಡು ಬಂತು. "ಆ ಅಮ್ಮ ಸಂತೆಗೆ ಬಂದಾಗೆಲ್ಲ ಕೇಳುತ್ತಾಳೆ, ಮಗಳು ಹುಷಾರಾಗಿದ್ದಾಳಾ? ಜ್ವರ ಏನೂ ಬರಲಿಲ್ಲ ತಾನೆ?" ಸತ್ತಳೆಂದು ಬರೆದರೆ ಹೇಗೆ ಸತ್ತಳೆಂದು ಅವರಿಗೆ ತಕ್ಷಣ ತಿಳಿಯುತ್ತಿತ್ತು. "ಹುಷಾರಾಗಿದ್ದಾಳೆ, ಐದನೆಯ ಇಯತ್ತೆ," ಎಂದು ಬರೆದೆ.

ಪ್ರತಿ ವರ್ಷವೂ ಕಾರ್ಡು ಬಂತು. ನಾನು ಮಗಳನ್ನು ಆರಕ್ಕೆ ಹಾಕಿದೆ, ಏಳಕ್ಕೆ ಹಾಕಿದೆ. ಹೈಸ್ಕೂಲಿಗೆ ಸೇರಿಸಿದೆ. ಒಮ್ಮೆ, ಲೆಕ್ಕದಲ್ಲಿ ಸ್ವಲ್ಪ ಹಿಂದು ಎಂದೂ ಬರೆದೆ. ಅದನ್ನು ಬರೆಯುವಾಗ ಸಂತೋಷವಾದದ್ದು ನೆನಪಿದೆ. ಓದು ಬಾರದ ಹೆಂಡತಿ, "ಯಾರದ್ರೀ ಕಾಗದ?" ಎಂದರೆ, "ಕಚೇರೀದು," ಎನ್ನುತ್ತಿದ್ದೆ.

ಎಂಟನೆಯ ವರ್ಷದ ಕಾರ್ಡು: "ಮದುವೆ ಗೊತ್ತಾದರೆ ತಿಳಿಸಬೇಕಂತೆ. ಗಂಡನಿಗೆ ಕಣ್ಣು ಮಂಜಾಗಿದೆ, ಆದರೂ ಇಬ್ಬರೂ ಮಾನ್ವಿಗೆ ಬಂದೇ ಬರುತ್ತಾರಂತೆ." ಅವರು ಬಂದರೆ ನನ್ನ ಹೆಂಡತಿ ಆ ಹೆಂಗಸನ್ನು ಹೊಸಿಲಲ್ಲೇ ಹರಿದುಹಾಕುತ್ತಿದ್ದಳು. ಆ ಹೆಂಗಸು ಒಂದೇ ಮಾತಿನಲ್ಲಿ ನನ್ನನ್ನು ಹರಿದುಹಾಕುತ್ತಿದ್ದಳು. ಎರಡು ದಿನ ಯೋಚಿಸಿ, ಮದುವೆ ಅವಸರದಲ್ಲಿ ಆಗಿಹೋಯಿತು, ಕರೆಯಲಾಗಲಿಲ್ಲ, ಕ್ಷಮಿಸಬೇಕೆಂದು ಬರೆದು ಅಂಚೆಗೆ ಹಾಕಿದೆ.

ಆಮೇಲೆ ಅಲ್ಲಿಂದ ಕಾರ್ಡು ಬರಲಿಲ್ಲ. ಮನೆಯಲ್ಲಿ ಶಾಪ ಮಾತ್ರ ನಿಲ್ಲಲಿಲ್ಲ. ಹೆಂಡತಿ ಹಾಸಿಗೆ ಹಿಡಿದ ಮೇಲೂ, ದನಿ ಹೋಗಿ ಬರಿಯ ತುಟಿ ಅಲುಗುವಾಗಲೂ, ಅವಳು ಯಾರನ್ನು ಬೈಯುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು. ನಾನು ಬಗ್ಗಿ ಅವಳ ಬಾಯಿಗೆ ನೀರು ಹಾಕಿದೆ.