ಅವರಿಗೆ ಉಳಿದಿದ್ದ ಒಂದೇ ಮಾತು

ನಿಮ್ಮ ಅಪ್ಪ ಹೇಳುತ್ತಿದ್ದದ್ದು ನನಗೆ ಅರ್ಥವಾಗುತ್ತಿತ್ತು, ಗಿರಿಜಕ್ಕ. ಅರ್ಥವಾಗುತ್ತಿದ್ದೂ ಇಲ್ಲ ಅಂದೆ. ನಿಮ್ಮೆದುರಿಗೆ, ಅವರ ಎದುರಿಗೇ — ಇಲ್ಲ ಅಂದೆ.

ಇದನ್ನು ಯಾರಿಗೂ ಹೇಳದೆ ಸತ್ತುಹೋಗಬಹುದಿತ್ತು. ಹಾಗೇ ಆಗಲಿ ಅಂದುಕೊಂಡೂ ಇದ್ದೆ. ಆದರೆ ಹೋದ ವಾರ ಭದ್ರಾವತಿ ಬಸ್ಸಿನಲ್ಲಿ ನೀವು ಸಿಕ್ಕಿಬಿಟ್ಟಿರಿ. ನಾನು ಮುಖವನ್ನು ಕಿಟಕಿ ಕಡೆ ತಿರುಗಿಸಿಕೊಂಡೆ. ನೀವೇ ಗುರುತು ಹಿಡಿದು, ಎದ್ದು ಬಂದು ಕೈ ಹಿಡಿದುಕೊಂಡಿರಿ. ಜೊತೆಯಲ್ಲಿದ್ದ ನಿಮ್ಮ ಸ್ಕೂಲಿನ ಟೀಚರಿಗೆ ಹೇಳಿದಿರಿ: "ನಾನು ಹೇಳ್ತಿದ್ನಲ್ಲ, ಇವಳೇ ಸರೋಜ. ಕೊನೆಗಾಲದಲ್ಲಿ ನಮ್ಮಪ್ಪನ್ನ ಅರ್ಥ ಮಾಡ್ಕೊಂಡಿದ್ದವಳು ಇವಳೊಬ್ಳೇ." ಆ ಟೀಚರು ನನಗೆ ಕೈ ಮುಗಿದರು. ಕಳ್ಳನ ಮನಸ್ಸು ಹುಳ್ಳಗೆ ಅಂತಾರಲ್ಲ — ನನ್ನ ಸ್ಟಾಪು ಬರುವ ಮೊದಲೇ ಇಳಿದುಬಿಟ್ಟೆ. ನೀವು ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಿರಿ.

ನಿಮಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲಿ ಕೆಟ್ಟೆ ಎಂಬುದು ನನಗೂ ಕಾಣಬೇಕು.

ಗೋಪಾಳದ ಆ ಆರೈಕೆ ಮನೆಯಲ್ಲಿ ನಾನು ಆಯಾ. ಬಂದವರೆಲ್ಲ ಸಿಸ್ಟರ್ ಅನ್ನುತ್ತಿದ್ದರು, ನಾನೂ ಓಗೊಡುತ್ತಿದ್ದೆ. ನಿಮ್ಮಪ್ಪ ಶಿವಲಿಂಗಪ್ಪನವರನ್ನು ನೀವು ಆಸ್ಪತ್ರೆಯಿಂದ ನೇರವಾಗಿ ಅಲ್ಲಿಗೆ ಕರೆತಂದಿರಿ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು. ಮಾತೂ ಹೋಗಿತ್ತು — ಒಂದೇ ಒಂದು ಶಬ್ದ ಬಿಟ್ಟು. ಜೀವಮಾನವೆಲ್ಲ ಕಾರ್ಖಾನೆಯ ಕುಲುಮೆ ಮುಂದೆ ನಿಂತವರಿಗೆ ಉಳಿದದ್ದೂ ಅಲ್ಲಿಯ ಮಾತೇ: "ಶಿಫ್ಟು." ಹಸಿವಿಗೂ ಶಿಫ್ಟು, ಸಿಟ್ಟಿಗೂ ಶಿಫ್ಟು. ಕೆಲವರಿಗೆ ಹೀಗಾಗುತ್ತದೆ, ಮಾತು ಹೋದರೂ ಬುದ್ಧಿ ಹೋಗಿರುವುದಿಲ್ಲ ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು.

ನೀವು ಅವತ್ತು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನೆನಪಿದೆಯಾ? "ನಾನೊಬ್ಳೇ ಇರೋದು, ಸರೋಜ. ಬೆಳಿಗ್ಗೆ ಸ್ಕೂಲಿಗೆ ಹೋದ್ರೆ ಸಾಯಂಕಾಲ ಬರ್ತೀನಿ. ಪಕ್ಕದ ಮನೆಯವರು ನೋಡ್ಕೊಳ್ತೀವಿ ಅಂದಿದಾರೆ, ಆದ್ರೆ ಅವರ ಹತ್ರ ಅದನ್ನೆಲ್ಲಾ ತೆಗೆಸೋಕಾಗುತ್ತಾ? ಬಂದಾಗ ಬಂತು ಅಂತ ಅಪ್ಪ ಹೇಳೋ ಹಾಗಾಗಲಿ, ಹಿಡ್ಕೊಂಡು ಬಚ್ಚಲಿಗೆ ಹೋಗೋ ಹಾಗಾಗಲಿ, ಅವತ್ತೇ ನ್ಯೂ ಟೌನಿನ ಮನೆಗೆ ಕರ್ಕೊಂಡು ಹೋಗ್ತೀನಿ."

ಅಷ್ಟೇ ನೀವು ಕೇಳಿದ್ದು. ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಅದೇ ಪ್ರಶ್ನೆ — "ಅಪ್ಪ ಈಗ ಹೇಳ್ತಾರಾ?"

ಹೇಳುತ್ತಿದ್ದರು, ಅಕ್ಕ. ನಾನೇ ಮೊದಲು ಕಂಡುಹಿಡಿದೆ. ಇನ್ನಷ್ಟು ಗಟ್ಟಿಯಾಗಲಿ, ಆಮೇಲೆ ಹೇಳೋಣ ಎಂದು ನಿಮಗೆ ಮಾತ್ರ ಇನ್ನೂ ಸ್ವಲ್ಪ ದಿನ ಅಕ್ಕ ಅನ್ನುತ್ತಿದ್ದೆ. ಸಣ್ಣಗೆ ಶಿಫ್ಟ್ ಅಂದರೆ ನೀರು. ಒಂದು ಹುಬ್ಬು ಏರಿಸಿ, "ಶಿಫ್ಟೂ..." ಎಂದು ಎಳೆದರೆ ಬಚ್ಚಲು. ವಾಕರ್ ಹಿಡಿಸಿ, ಬಲಗಡೆ ನನ್ನ ಭುಜ ಕೊಟ್ಟು ಕರೆದುಕೊಂಡು ಹೋಗುತ್ತಿದ್ದೆ. ಎಷ್ಟು ನಾಚಿಕೆ ಅವರಿಗೆ! ಮೊದಮೊದಲು ನನ್ನ ಮುಖ ನೋಡುತ್ತಿರಲಿಲ್ಲ. "ನನಗೂ ಅಪ್ಪ ಇದ್ರು ಯಜಮಾನ್ರೇ, ನಾಚ್ಕೋಬೇಡಿ" ಅಂದ ಮೇಲೆ ಸ್ವಲ್ಪ ಸಡಿಲವಾದರು. ಒಂದು ದಿನ ಗೋಡೆಯ ಕಂಬಿ ಹಿಡಿದು ತಾವೇ ಎದ್ದು ನಿಂತು, "ಶಿಫ್ಟು!" ಎಂದು ನಕ್ಕರು. ಡ್ಯೂಟಿ ಮುಗಿಯಿತು ಅನ್ನುವ ಹಾಗೆ. ನಾನೂ ನಕ್ಕೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದ್ದಳು, ಬಚ್ಚಲಿಗೆ ಹೋಗಿ ಬರುವುದೇ ಇವರಿಗೆ ದೊಡ್ಡ ಔಷಧಿ, ಅದನ್ನು ಮಾತ್ರ ತಪ್ಪಿಸಬೇಡಿ ಎಂದು.

ಆಮೇಲೆ ನನ್ನ ಜೊತೆಯವಳು ಕೆಲಸ ಬಿಟ್ಟಳು. ವಾರ್ಡಿಗೆಲ್ಲ ನಾನೊಬ್ಬಳೇ ಆದೆ. ಅದು ಕಾರಣ ಅಂತ ಹೇಳುತ್ತಿಲ್ಲ... ಅಥವಾ ಅದನ್ನೇ ಹೇಳಹೊರಟೆನೇನೋ. ಬಿಡಿ. ಒಬ್ಬಳೇ ಇದ್ದಾಗಲೂ ಎಷ್ಟೋ ದಿನ ಕರೆದುಕೊಂಡು ಹೋಗಿದ್ದೇನೆ. ಅವತ್ತು ಹೋಗಲಿಲ್ಲ, ಅಷ್ಟೇ. ಒಬ್ಬ ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ, ನಿಮ್ಮಪ್ಪ ಕರೆದರು. ಮತ್ತೆ ಕರೆದರು. ನನಗೆ ರೇಗಿತು. ಬೆಳಿಗ್ಗೆ ಯಾವುದಕ್ಕೂ ಇರಲಿ ಎಂದು ಪ್ಯಾಡ್ ಕಟ್ಟಿದ್ದೆ. ಅಲ್ಲಿಂದಲೇ ಕೂಗಿ ಹೇಳಿದೆ: "ಪ್ಯಾಡ್ ಹಾಕಿದೀನಲ್ಲ, ಅದರಲ್ಲೇ ಮಾಡಿ."

ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಮ್ಮಪ್ಪ ತಡೆದುಕೊಂಡರು. ಎಡಗೈಯಲ್ಲಿ ಮಂಚದ ಕಂಬಿ ಬಿಗಿಯಾಗಿ ಹಿಡಿದು ತಡೆದುಕೊಂಡರು. ನಾನು ಗಂಜಿ ಬಟ್ಟಲು ತೊಳೆದಿಟ್ಟು ಬರುವಷ್ಟರಲ್ಲಿ ಕೈ ಸಡಿಲವಾಗಿತ್ತು, ಮುಖ ಗೋಡೆ ಕಡೆ ತಿರುಗಿತ್ತು. ಅಳುತ್ತಿದ್ದರು. ನಾನು ಕಾಣದವಳ ಹಾಗೆ ಒರೆಸಿ, ಬದಲಿಸಿ, ಪೌಡರ್ ಹಾಕಿದೆ. ಕೆಲಸ ಎಷ್ಟು ಬೇಗ ಮುಗಿಯಿತಲ್ಲ ಅನ್ನಿಸಿತು. ನಿಜ ಹೇಳುತ್ತೇನೆ, ಹಾಗೆಯೇ ಅನ್ನಿಸಿತು.

ಮರುದಿನವೂ ಹಾಗೇ ಮಾಡಿದೆ. ಅದರ ಮರುದಿನವೂ.

ಆ ಭಾನುವಾರ ನೀವು ಬಂದಿರಿ. ಸಿಹಿಗೆಣಸು ಬೇಯಿಸಿ ತಂದಿದ್ದಿರಿ. ನಿಮ್ಮನ್ನು ಕಂಡ ಕೂಡಲೇ ಅವರು ಎಡಗೈಯಿಂದ ಪಂಚೆಯ ಒಳಗಿನ ಪ್ಯಾಡನ್ನು ಎಳೆಯುತ್ತಾ, ಹುಬ್ಬೇರಿಸಿ, "ಶಿಫ್ಟೂ... ಶಿಫ್ಟೂ..." ಎಂದು ಶುರು ಮಾಡಿದರು. ಅದೇ ಕೈಯಿಂದ ನನ್ನ ಕಡೆ ಬೊಟ್ಟು ಮಾಡಿ, ಮತ್ತೆ ಪ್ಯಾಡ್ ಎಳೆದರು. ಚಾಡಿ ಹೇಳುತ್ತಿದ್ದರು, ಅಕ್ಕ! ಇರುವ ಒಂದೇ ಮಾತಿನಲ್ಲಿ ಮಗಳ ಹತ್ತಿರ ನನ್ನ ಮೇಲೆ ದೂರು. ನೀವು ಗಾಬರಿಯಿಂದ ನನ್ನನ್ನು ಕೇಳಿದಿರಿ.

"ಏನಂತಾರೆ ಸರೋಜ? ಅಪ್ಪ ಹೇಳ್ತಾರಾ ಈಗ?"

ಹೌದು ಅಂದರೆ ಪ್ಯಾಡ್ ಯಾಕೆ ಅನ್ನುತ್ತೀರಿ. ನನ್ನ ಬಣ್ಣ ಬಯಲಾಗುತ್ತದೆ. ಅಷ್ಟು ಯೋಚಿಸುವುದಕ್ಕೆ ಎಷ್ಟು ಹೊತ್ತು ಬೇಕು?

"ಎಲ್ಲಿ ಹೇಳ್ತಾರೆ ಅಕ್ಕ. ಅವರಿಗೆ ಏನೂ ಗೊತ್ತಾಗಲ್ಲ."

ಅವರು ನನ್ನನ್ನು ನೋಡಿದರು. ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟು ಇರಲಿಲ್ಲ. ಪಂಚೆಯಿಂದ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡರು. ನೀವು ಅವರ ತಲೆ ಸವರಿ, ಮಗುವಿಗೆ ಹೇಳುವ ಹಾಗೆ, "ಆಯ್ತಪ್ಪ, ಶಿಫ್ಟು, ಶಿಫ್ಟು" ಅಂದಿರಿ. ಆಮೇಲೆ ಗೆಣಸಿನ ಸಿಪ್ಪೆ ಬಿಡಿಸಿ ಬಾಯಿಗಿಟ್ಟಿರಿ. ಅವರು ಬಾಯಿ ತೆರೆಯಲಿಲ್ಲ.

ಅಲ್ಲಿಂದ ಮುಂದೆ ನನ್ನ ಹತ್ತಿರ ಅವರು ಆ ಒಂದು ಮಾತನ್ನೂ ಆಡಲಿಲ್ಲ. ನೀರು ಬೇಕೆಂದೂ ಕೇಳಲಿಲ್ಲ. ಕೇಳದವರನ್ನು ಎಬ್ಬಿಸುವವರಾರು? ಮಲಗಿದಲ್ಲೇ ಮಲಗಿ ಕಾಲು ಮರಗಟ್ಟಿತು. ವ್ಯಾಯಾಮದ ಹುಡುಗಿ, ಇನ್ನು ಪ್ರಯೋಜನ ಇಲ್ಲ ಎಂದು ನಿಮಗೆ ಹೇಳುವಾಗ ನಾನು ಪಕ್ಕದಲ್ಲೇ ಹೊದಿಕೆ ಮಡಿಸುತ್ತಿದ್ದೆ. ಬೆನ್ನಿಗೆ ಹುಣ್ಣಾಯಿತು, ಹುಣ್ಣು ಆಳಕ್ಕಿಳಿಯಿತು, ಜ್ವರ ಬಂತು. ಆಗ ನಾನು ಎಷ್ಟು ಚೆನ್ನಾಗಿ ನೋಡಿಕೊಂಡೆ! ಹೊರಳಿಸಿದೆ, ಹುಣ್ಣು ತೊಳೆದೆ, ಊಟ ಬಿಟ್ಟು ಪಕ್ಕದಲ್ಲಿ ಕೂತೆ. ನೀವು ಕಂಡದ್ದು ಅದನ್ನು. ಅದಕ್ಕೇ ತಿಥಿಯ ದಿನ ಕರೆದು ಸೀರೆ ಕೊಟ್ಟಿರಿ. ಆ ಸೀರೆಯನ್ನು ಉಡಲೂ ಆಗಲಿಲ್ಲ, ಯಾರಿಗಾದರೂ ಕೊಡಲೂ ಆಗಲಿಲ್ಲ.

ಇನ್ನೊಂದು ನಿಮಗೆ ಸೇರಬೇಕಾದದ್ದು ನನ್ನಲ್ಲಿ ಉಳಿದಿದೆ. ನೀವು ಬಂದು ಕೂತ ಕೂಡಲೇ ಅವರು ಎರಡು ಸಲ ಬೇಗಬೇಗ "ಶಿಫ್ಟ್ ಶಿಫ್ಟ್" ಅನ್ನುತ್ತಿದ್ದರಲ್ಲ, ನೀವು ಸುಮ್ಮನೆ ತಲೆಯಾಡಿಸುತ್ತಿದ್ದಿರಿ. ಅದು ಊಟ ಆಯ್ತಾ ಅಂತ. ಮೊದಲೆಲ್ಲ ನನಗೂ ಮಧ್ಯಾಹ್ನ ಹಾಗೇ ಕೇಳುತ್ತಿದ್ದರು, ನನ್ನ ಡಬ್ಬಿ ತೋರಿಸಿ. ನಿಮ್ಮ ಅಪ್ಪ ನಿಮ್ಮನ್ನು ಗುರುತಿಸುತ್ತಿದ್ದರು, ಕೊನೆಯವರೆಗೂ. ಬುದ್ಧಿ ಹೋಗಿದೆ ಎಂದುಕೊಂಡು ನೀವು ಅವರ ತಲೆಯ ಮೇಲೆಯೇ ನನ್ನ ಜೊತೆ ಮಾತಾಡುತ್ತಿದ್ದಿರಿ. ಅವರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿಸಿದವಳು ನಾನು.

ಈ ಭಾನುವಾರ ನ್ಯೂ ಟೌನಿಗೆ ಬರುತ್ತೇನೆ. ಸೀರೆ ವಾಪಸ್ಸು ತರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕ್ಷಮಿಸಬೇಡಿ. ಬಾಗಿಲಲ್ಲೇ ನಿಲ್ಲಿಸಿ, ಚಪ್ಪಲಿ ಬಿಡುವ ಮೊದಲೇ ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿ — ಅಪ್ಪ ಹೇಳ್ತಾರಾ ಸರೋಜ, ಅಂತ.

ಹೇಳುತ್ತಿದ್ದರು, ಗಿರಿಜಕ್ಕ. ನಾನು ಬಾಯಿ ಮುಚ್ಚಿಸುವವರೆಗೂ ದಿನಾ ಹೇಳುತ್ತಿದ್ದರು.