ಅರಬೈಲ್ ಪೇಟಿಯ ಗಾಂಧಾರ

ಸಂಗೀತ ಕಲಿಯದ ನಾನು ಸಂಗೀತದ ಪೆಟ್ಟಿಗೆಯ ಬಗ್ಗೆ ಬರೆಯಲು ಕೂತಿದ್ದೇನೆ. ಓದುಗರು ಮೊದಲೇ ಕ್ಷಮಿಸಬೇಕು. ಸಂಜೆ ಶಾಲೆಯಲ್ಲಿ ನನಗೆ ಕಲಿಸಿದ್ದು ಲೆಕ್ಕ ಮತ್ತು ವ್ಯಾಕರಣ. ಸ್ವರದ ವಿಷಯದಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಅದು ನನ್ನದು, ನಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರದಲ್ಲ.

ಡಿಸೆಂಬರಿನ ಬೆಳಗು, ಇನ್ನೂ ಆರೂವರೆ. ಯಲ್ಲಾಪುರದಿಂದ ಅರಬೈಲ್ ಘಟ್ಟಕ್ಕೆ ಹೋಗುವ ದಾರಿಯಲ್ಲಿ ಹೆಂಚಿನ ಒಂದು ಚಿಕ್ಕ ಇಗರ್ಜಿ, ಅಂದರೆ ಚರ್ಚು. ಒಳಗೆ ಕಿಟಕಿಯ ಬೆಳಕು ಬೀಳುವಲ್ಲಿ, ಕಾಲಿನಿಂದ ತುಳಿದು ನುಡಿಸುವ ಹಳೆಯ ಹಾರ್ಮೋನಿಯಂ, ಈ ಕಡೆಯವರ ಮಾತಿನಲ್ಲಿ ಪೇಟಿ, ಮುಚ್ಚಳ ತೆರೆದು ನಿಂತಿದೆ. ಅದರ ಮುಂದೆ ಮಂಡಿಯೂರಿರುವವರು ಶಿರಸಿಯ ಮಧುಕೇಶ್ವರಪ್ಪ. ವಯಸ್ಸು ಐವತ್ತನಾಲ್ಕು, ಹಣೆಯ ಮೇಲೆ ವಿಭೂತಿ. ಎಡಗೈಯಲ್ಲಿ ಹಿತ್ತಾಳೆಯ ರೀಡು, ಅಂದರೆ ಗಾಳಿ ತಾಗಿದಾಗ ನುಡಿಯುವ ನಾಲಗೆ. ಬಲಗೈಯಲ್ಲಿ ಸಣ್ಣ ಅರ. ಪಕ್ಕದ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತ ಎಪ್ಪತ್ತು ದಾಟಿದ ಕತ್ರಿನ್‌ಬಾಯಿ ಒಂದು ಸಾಲು ಹಾಡುತ್ತಾರೆ. ಇವರು ಒಮ್ಮೆ ಅರ ಆಡಿಸಿ, ರೀಡನ್ನು ಜಾಗಕ್ಕೆ ಕೂರಿಸಿ, ತುಳಿದು ಕೇಳುತ್ತಾರೆ. ತಲೆಯಾಡಿಸಿ ಮತ್ತೆ ಬಿಚ್ಚುತ್ತಾರೆ.

"ಇನ್ನೊಂದ್ ಸಲ ಅನ್ರಿ ಬಾಯಾರ, ಅದೊಂದ ಸಾಲು."

"ಹೋದ ವರ್ಷವೂ ಅದೊಂದೇ ಸಾಲು," ಎನ್ನುತ್ತಾರೆ ಕತ್ರಿನ್‌ಬಾಯಿ. "ದೇವರ ಮಗ ಹುಟ್ಟಿ ನಡೀಲಿಕ್ಕೆ ಕಲ್ತ. ನಿನ್ನ ಪೇಟಿ ಇನ್ನೂ ತೊಟ್ಟಿಲಲ್ಲೇ ಅದೆ."

ಮಧುಕೇಶ್ವರಪ್ಪ ಬನವಾಸಿ ಕಡೆಯವರು. ತಂದೆ ಮಠದಲ್ಲಿ ಭಜನೆಗೆ ಪೇಟಿ ನುಡಿಸುತ್ತಿದ್ದರು. ಇವರು ಹದಿನೆಂಟನೆಯ ವಯಸ್ಸಿಗೆ ಹುಬ್ಬಳ್ಳಿಯ ನಾಟಕ ಕಂಪನಿಯೊಂದನ್ನು ಸೇರಿ, ಅಲ್ಲಿನ ಪೇಟಿ ಮಾಸ್ತರರಿಂದ ರಿಪೇರಿ ಕಲಿತರು. ಕಂಪನಿ ಮುಚ್ಚಿದ ಮೇಲೆ ಶಿರಸಿಯ ಬಸ್ ನಿಲ್ದಾಣದ ಹಿಂದೆ ಒಂದು ಮಳಿಗೆ ಹಿಡಿದರು. ವರ್ಷವೆಲ್ಲ ಭಜನೆಯವರ, ನಾಟಕದವರ, ಶಾಲೆಗಳ ಪೇಟಿಗಳು. ರಾಜ್ಯ ಒಂದಾದ ೧೯೫೬ರಿಂದ ಡಿಸೆಂಬರ್ ತಿಂಗಳು ಮಾತ್ರ ಇಗರ್ಜಿಗಳಿಗೆ ಮೀಸಲು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೇರಿ ಒಂಬತ್ತು ಪೇಟಿಗಳು, ಇಪ್ಪತ್ತು ದಿನಗಳು. ಬಸ್ಸು ಹೋಗುವವರೆಗೆ ಬಸ್ಸು, ಆಮೇಲೆ ಹೆಗಲ ಮೇಲೆ ರಿಪೇರಿ ಹತ್ಯಾರದ ಚೀಲ ಹೊತ್ತು ನಡಿಗೆ.

ಪ್ರತಿ ಪೇಟಿಯ ಮುಚ್ಚಳದ ಒಳಗೆ ಅವರು ಪೆನ್ಸಿಲಿನಿಂದ ಹಾಡಿಗೆ ಎರಡರಂತೆ ಸಾಲು ಬರೆದಿಟ್ಟಿದ್ದಾರೆ. ಒಂದು ಆ ಇಗರ್ಜಿಯಲ್ಲಿ ಹಾಡುವ ಕ್ರಿಸ್ಮಸ್ ಹಾಡಿನ ಸ್ವರ, ಇನ್ನೊಂದು ಆ ಹಾಡಿನ ಹುಟ್ಟೂರು. ಒಮ್ಮೆ ಕೇಳಿದರೆ ಸಾಕು, ಮಟ್ಟು ಎಲ್ಲಿಂದ ಬಂದದ್ದೆಂದು ಹೇಳುತ್ತಾರೆ. ನಾಲ್ಕು ದನಿಗಳು ಒಟ್ಟಿಗೆ ಮೆಟ್ಟಿಲು ಹತ್ತಿದಂತೆ ನಡೆದರೆ ಅದು ಜರ್ಮನಿಯ ಪಾದ್ರಿಗಳ ಜೊತೆ ಬಂದದ್ದು. ಮೂರರ ತಾಳದಲ್ಲಿ ದೋಣಿಯಂತೆ ತೂಗಿದರೆ ಗೋವೆಯ ಮೇಲೆ ಹಾದು ಬಂದದ್ದು. ಇಂಗ್ಲಿಷರದನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳಿದೆ.

"ಅದು ಮಂದಿ ಮನಿ ಬಾಗಲಾಗ ನಿಂತು ಹಾಡೂ ಹಾಡ್ರಿ. ಸಾಲಿನ ಕಡೀಗೆ ಒಂದ್ ಚೂರು ನಿಲ್ತದ. ಒಳಗಿನವ್ರು ಎದ್ ಬಂದು ಚಿಲಕ ತಗೀಲಿ ಅಂತ."

ನನಗೆ ಅನುಮಾನ. ಶಿರಸಿಯ ಪಾದ್ರಿಯೊಬ್ಬರ ಬಳಿ ಇದ್ದ ಸ್ವರಲಿಪಿಯ ಪುಸ್ತಕ ತೆರೆಸಿ, ಹದಿಮೂರು ಹಾಡುಗಳನ್ನು ಅವರಿಂದಲೇ ತಾಳೆ ನೋಡಿಸಿದೆ. ಹನ್ನೊಂದು ಸರಿ ಬಂದವು. ಈ ಅರಬೈಲ್ ಪೇಟಿಯ ಮುಚ್ಚಳದಲ್ಲಿ ಮಾತ್ರ ಒಂದು ಹಾಡಿನ ಹುಟ್ಟೂರಿನ ಜಾಗ ಖಾಲಿ ಇದೆ. ಕತ್ರಿನ್‌ಬಾಯಿ ಹಾಡುತ್ತಿರುವುದು ಅದನ್ನೇ.

ಆ ಖಾಲಿ ಜಾಗದ ಹಿಂದೆ ಒಂದು ತಪ್ಪಿದೆ. ಅದನ್ನು ಅವರೇ ಹೇಳಿದರು, ಬರೆಯಿರಿ ಎಂದೂ ಹೇಳಿದರು.

ಪೇಟಿ ರಿಪೇರಿಯವರಲ್ಲಿ ಒಂದು ಪದ್ಧತಿ ಉಂಟು. ಮುಚ್ಚಳ ಹಾಕುವ ಮುಂಚೆ ಆ ಪೇಟಿ ಇರುವಲ್ಲಿ ಹಾಡುವ ಹಾಡನ್ನೇ ಕೇಳಿ ತಿಳಿದು ನುಡಿಸಿ ನೋಡಬೇಕು. ೧೯೫೮ರಲ್ಲಿ ಮೊದಲ ಸಲ ಈ ಇಗರ್ಜಿಗೆ ಬಂದಾಗ ಬಸ್ಸಿಗೆ ಹೊತ್ತಾಗಿತ್ತು. ಇಗರ್ಜಿಯಲ್ಲಿ ಯಾರೂ ಇರಲಿಲ್ಲ. ಈ ಪೇಟಿಯಲ್ಲಿ ರೀಡುಗಳದ್ದು ಎರಡು ಸಾಲು. ಹಿಂದಿನ ಸಾಲಿನ ಗಾಂಧಾರ, ಅಂದರೆ ಸರಿಗಮದ ಗ, ಕೂದಲೆಳೆಯಷ್ಟು ಇಳಿದು ನುಡಿಯುತ್ತಿತ್ತು. ಇವರು ಅದನ್ನು ಕೆಟ್ಟಿದೆ ಎಂದುಕೊಂಡು, ಕಿಲುಬು ಹಿಡಿದಿದ್ದ ರೀಡನ್ನು ಪಾಲಿಶ್ ಕಾಗದದಿಂದ ಉಜ್ಜಿ, ತುದಿ ಕೆರೆದು ಸ್ವರ ಏರಿಸಿದರು. ನಾಟಕದ ಒಂದು ಪದ ನುಡಿಸಿ, ಸರಿಯಾಯಿತೆಂದು ಮುಚ್ಚಳ ಹಾಕಿ ಹೊರಟರು.

ಆ ಹಿಂದಿನ ಸಾಲನ್ನು ತೆರೆಯುತ್ತಿದ್ದದ್ದು ವರ್ಷಕ್ಕೊಂದೇ ಹಾಡಿಗೆ. ಆ ವರ್ಷ ನಾತಾಳದ, ಅಂದರೆ ಕ್ರಿಸ್ಮಸ್ಸಿನ, ದಿನ ಏಳು ಜನ ಹೆಂಗಸರು ಆ ಹಾಡು ಎತ್ತಿಕೊಂಡು ಹಾಡಿನ ಎರಡನೆಯ ಸಾಲಿನಲ್ಲಿ ತಡವರಿಸಿದರು. ಪೇಟಿ ಈಗಷ್ಟೇ ರಿಪೇರಿಯಾಗಿ ಬಂದದ್ದು, ಅದು ತಪ್ಪುವುದು ಹೇಗೆ? ತಮ್ಮ ಗಂಟಲಿಗೇ ವಯಸ್ಸಾಯಿತೆಂದು ಅವರು ನಾಚಿಕೊಂಡರು. ಮರುವರ್ಷ ಹಾಡಲಿಲ್ಲ, ಅದರ ಮರುವರ್ಷವೂ ಇಲ್ಲ. ರಿಪೇರಿಗೆ ಬಂದವರೆದುರು ಆ ಹಾಡಿನ ಮಾತೂ ಎತ್ತಲಿಲ್ಲ. ಅದಕ್ಕೂ ಮೊದಲು ಲಾಟೀನು ಹಿಡಿದು ಮನೆಮನೆಗೆ ಹೋಗಿ ಈ ಹಾಡು ಹಾಡುತ್ತಿದ್ದರಂತೆ. ಜಾತಿ ನೋಡದೆ ಎಲ್ಲ ಅಂಗಳದಲ್ಲೂ ಕರೆದು ಕೂರಿಸಿ ಬೆಲ್ಲದ ಕಾಫಿ ಕೊಡುತ್ತಿದ್ದರಂತೆ. ಘಟ್ಟದ ಲಾರಿಯವರೂ ನಿಲ್ಲಿಸಿ ಕೇಳುತ್ತಿದ್ದರು ಎಂದು ಕತ್ರಿನ್‌ಬಾಯಿ ನೆನೆಯುತ್ತಾರೆ.

೧೯೬೧ರಲ್ಲಿ ಮಧುಕೇಶ್ವರಪ್ಪ ಇಲ್ಲಿಗೆ ಬಂದಾಗ ಕತ್ರಿನ್‌ಬಾಯಿ ಅಂಗಳ ಗುಡಿಸುತ್ತ, ಯಾರೂ ಕೇಳುತ್ತಿಲ್ಲವೆಂದುಕೊಂಡು, ಅದೇ ಹಾಡನ್ನು ಗುನುಗುತ್ತಿದ್ದರು. ಆ ಇಳಿದ ಗಾಂಧಾರ ಕಿವಿಗೆ ಬಿತ್ತು.

"ಚೀಲ ಕೆಳಗಿಟ್ಟು ಮೆಟ್ಲ ಮ್ಯಾಲ ಕೂತ್ಬಿಟ್ಟೆ ನೋಡ್ರಿ. ಕೆಟ್ಟಿದ್ದು ಪೇಟಿ ಅಲ್ಲ, ನಾನು."

ನಡೆದದ್ದನ್ನು ಅವರು ಅಲ್ಲೇ ಒಪ್ಪಿಕೊಂಡರು. ಕತ್ರಿನ್‌ಬಾಯಿ ಪೊರಕೆ ಗೋಡೆಗೆ ಒರಗಿಸಿ ಹೇಳಿದ್ದು ಈಗ ಊರಿಗೆಲ್ಲ ಗೊತ್ತು: "ಪೇಟಿ ರಿಪೇರಿಗೆ ಬಂದವ ನಮ್ಮನ್ನೇ ರಿಪೇರಿ ಮಾಡಿ ಹೋದ್ಯಲ್ಲೋ."

ಅಂದಿನಿಂದ ಇದು ನಾಲ್ಕನೆಯ ಡಿಸೆಂಬರ್. ಏರಿಸಿದ್ದನ್ನು ಇಳಿಸಲು ರೀಡಿನ ಬುಡ ಕೆರೆಯಬೇಕು. ಈಗಾಗಲೇ ಸವೆದ ರೀಡು, ಒಂದು ಎಳೆ ಹೆಚ್ಚಾದರೆ ಮುರಿಯುತ್ತದೆ. ಕೆರೆದ ಮೇಲೆ ಅದು ನೆಲೆಗೆ ನಿಲ್ಲಲು ತಿಂಗಳುಗಳೇ ಬೇಕು. ಹೊಸದನ್ನು ಹಾಕಬಹುದಿತ್ತಲ್ಲ ಎಂದರೆ, ಸ್ವರ ಬರುತ್ತದೆ, ಆ ದನಿ ಬರುವುದಿಲ್ಲ ಎನ್ನುತ್ತಾರೆ. ಏಳು ಜನರಲ್ಲಿ ಈಗ ಉಳಿದವರು ಕತ್ರಿನ್‌ಬಾಯಿ ಒಬ್ಬರೇ. ಅವರಿಗೆ ಕಳೆದ ಮಳೆಗಾಲದಿಂದ ಕೆಮ್ಮು. ಆ ಸ್ವರ ಲೋಕದಲ್ಲಿ ಇರುವುದು ಅವರ ಗಂಟಲಿನಲ್ಲಿ ಮಾತ್ರ. ಅವರು ಇರುವಾಗಲೇ ಅದನ್ನು ಪೇಟಿಗೆ ದಾಟಿಸಬೇಕು.

ಎಂಟು ಗಂಟೆಗೆ ಮಧುಕೇಶ್ವರಪ್ಪ ಅರ ಕೆಳಗಿಡುತ್ತಾರೆ. ಪೇಟಿ ನುಡಿಸುವ ಇನಾಸ್ ಮಾಸ್ತರರು ಬರುತ್ತಾರೆ, ಹಿಂದೆ ಐದಾರು ಹೆಂಗಸರು. ಅವರಿಗೆ ಹಾಡು ಅರ್ಧಂಬರ್ಧ ನೆನಪು. ಕತ್ರಿನ್‌ಬಾಯಿ ಎತ್ತುತ್ತಾರೆ. ಮೊದಲ ಸಾಲು ದಾಟುತ್ತದೆ. ಎರಡನೆಯದು ಬಂದಾಗ ಮಧುಕೇಶ್ವರಪ್ಪ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾರೆ. ಮುದುಕಿಯ ದನಿ ಕೆಮ್ಮಿಗೆ ಸಿಕ್ಕು ನಿಂತುಹೋಗುತ್ತದೆ. ಪೇಟಿ ನಿಲ್ಲುವುದಿಲ್ಲ. ಎಳೆಯ ಹೆಂಗಸರು ಅದನ್ನೇ ಹಿಡಿದುಕೊಂಡು, ಆ ಇಳಿದ ಗಾಂಧಾರದ ಮೇಲೆ ಕಾಲಿಟ್ಟು, ಆಚೆ ದಾಟುತ್ತಾರೆ. ಸಂಗೀತ ಬಾರದ ನನಗೂ ಅದು ತಿಳಿಯಿತು.

"ಹಾಂ," ಎನ್ನುತ್ತಾರೆ ಕತ್ರಿನ್‌ಬಾಯಿ, ಉಸಿರು ತಿರುಗಿದ ಮೇಲೆ. "ಈಗ ಅದು ನಮ್ಮ ಪೇಟಿ."

ಮುಂದಿನ ವರ್ಷದ ಆಸೆ ಏನೆಂದು ಹಿಂದಿರುಗುವ ಬಸ್ಸಿನಲ್ಲಿ ಕೇಳಿದೆ. ಅರಬೈಲಿಗೆ ಬರಬೇಕು, ಧೂಳು ಒರೆಸಿ, ರೀಡು ಮುಟ್ಟದೆ ಹೋಗಬೇಕು ಎಂದರು.

ಮುಚ್ಚಳದಲ್ಲಿ ಹುಟ್ಟೂರಿನ ಜಾಗ ಖಾಲಿಯೇ ಇದೆ. ಮಟ್ಟು ಹಡಗಿನಲ್ಲಿ ಬಂದದ್ದೋ ಘಟ್ಟದಲ್ಲೇ ಹುಟ್ಟಿದ್ದೋ ಅವರಿಗೆ ಹೇಳಲಾಗುತ್ತಿಲ್ಲ. ಹಿಂದೊಮ್ಮೆ ಯಾರೋ ಹೆಂಗಸರ ಗಂಟಲಿಗೆ ಸರಿಯಾಗಿ ರೀಡನ್ನು ಬೇಕೆಂದೇ ಕೆರೆದಿದ್ದರೋ, ಅಥವಾ ರೀಡು ತಾನಾಗಿ ಇಳಿದು ಹೆಂಗಸರ ಗಂಟಲನ್ನು ತಿದ್ದಿತ್ತೋ? ಕೆರೆದಿದ್ದರೆ ಬುಡದಲ್ಲಿ ಹಳೆಯ ಅರದ ಗುರುತು ಇರಬೇಕಿತ್ತು.

"ಇದ್ದಿರಬೋದ್ರಿ," ಎಂದರು ಮಧುಕೇಶ್ವರಪ್ಪ. "ಆವತ್ತು ಕಾಗದ ಹಚ್ಚಿ ಉಜ್ಜಿದಾವ ನಾನ."