ಗಿಡದ ಆ ಮಗ್ಗುಲು

ಮೊಮ್ಮಗಳು ಹುಟ್ಟಿ ಹನ್ನೊಂದು ದಿನ. ಮಡಿಲಿಗೆ ಹಾಕಿಕೊಂಡರೆ ಇಳಿಸಲು ಮನಸ್ಸೇ ಬರುವುದಿಲ್ಲ. ನೆಟ್ಟಗೆ ಅಕ್ಷರ ಬಾರದ ನಾನು ಬರೆಯಲು ಕೂತಿದ್ದೇ ಈ ಸಂತೋಷ ತಡೆಯಲಾರದೆ. ಆದರೆ ಅವಳ ಕಿವಿ ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಮೇಲಂಚು ಮಡಿಚಿಕೊಂಡ ಆ ಕಿವಿ ನನ್ನ ಗಂಡನದು.

ಕೊಡಗು ಬೇರೆ ರಾಜ್ಯವಾಗಿದ್ದ ಕಾಲ. ಮಾದಾಪುರದ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವಾಗ ಗಂಡ ಹೆಂಡತಿಗೆ ಒಂದೇ ಸಾಲು. ಗಿಡದ ಈ ಮಗ್ಗುಲು ನಾನು, ಆ ಮಗ್ಗುಲು ಅವನು. ಎಲೆಗಳ ಸಂದಿಯಲ್ಲಿ ಅವನ ಕಿವಿ ಕಾಣುತ್ತಿತ್ತು. ನಾನು ಮೂರು ತಿಂಗಳ ಬಸುರಿ. ಉಪ್ಪು ತರುತ್ತೇನೆಂದು ಶನಿವಾರಸಂತೆಗೆ ಹೋದವನು, ನಮ್ಮ ಕೂಲಿ ಲೈನಿನ ಮನೆಗಳಲ್ಲಿ ಕೊನೆಮನೆಯವಳ ಜೊತೆ ಹಾಸನದ ಬಸ್ಸು ಹತ್ತಿದ.

ಸೋಮವಾರ, ಕೂಲಿ ಲೆಕ್ಕ ಬರೆಯುವ ರೈಟರು ನನ್ನ ಸಾಲಿಗೆ ಬೇರೊಬ್ಬಳನ್ನು ಹಾಕಿದರು.

“ಬ್ಯಾಡಿ ಸ್ವಾಮಿ. ಆ ಮಗ್ಗುಲೂ ನಾನೇ ಕುಯ್ತೀನಿ.”

“ಅವನು ಬತ್ತಾನೆ ಅಂತ ಜಾಗ ಹಿಡಿದಿದ್ದೀಯೇನವ್ವ?”

“ಬರ್ಲಿ, ಕಾಲು ಮುರಿತೀನಿ.”

ಸುತ್ತಲಿನವರೆಲ್ಲ ನಕ್ಕರು. ನಾನು ಹೇಳಿದ್ದು ಸುಳ್ಳು. ಅವನು ಬರಲೆಂದೇ ಜಾಗ ಹಿಡಿದಿದ್ದೆ. ಈ ಮಗ್ಗುಲು ಮುಗಿಸಿ, ಸುತ್ತಿ ಹೋಗಿ ಆ ಮಗ್ಗುಲು ಕುಯ್ಯುತ್ತಿದ್ದೆ. ಉಳಿದವರು ಚೀಲ ಹೊತ್ತು ಹೊರಟಾಗ ನಾನಿನ್ನೂ ಅರ್ಧ ಸಾಲಿನಲ್ಲಿ. ಹೊಟ್ಟೆ ಮುಂದೆ ಬಂದರೂ ಬಿಡಲಿಲ್ಲ. ಅವನ ಮೇಲಿನ ಸಿಟ್ಟಿಗೆ ಹಣ್ಣಿನ ಜೊತೆ ರೆಂಬೆಯೂ ಕಿತ್ತು ಬರುತ್ತಿತ್ತು.

ಮರುವರ್ಷದ ಕುಯ್ಲು. ಮಗಳು ನೆರಳಮರಕ್ಕೆ ಕಟ್ಟಿದ ಜೋಲಿಯಲ್ಲಿದ್ದಳು. ಎಲೆಗಳ ಸಂದಿಯಲ್ಲಿ ಕಿವಿ ಕಂಡಿತು. ಸೊಂಟಕ್ಕೆ ಚೀಲ ಕಟ್ಟಿಕೊಂಡು, ನಿನ್ನೆ ಬಿಟ್ಟಲ್ಲಿಂದಲೇ ಶುರುಮಾಡಿದವನ ಹಾಗೆ ಕುಯ್ಯುತ್ತಿದ್ದ. ನನ್ನ ಕೈ ನಿಂತುಹೋಯಿತು. ಅಯ್ಯೋ, ಎಷ್ಟು ಬಡಕಲಾಗಿದ್ದಾನೆ ಎಂದು ಕರುಳು ಚುರುಕ್ ಅಂದಿದ್ದೂ ನಿಜ.

“ಉಪ್ಪೆಲ್ಲಿ?” ಎಂದೆ.

“ಯಾವುಪ್ಪೇ?”

ಒಂದು ಮಾತು, ತಪ್ಪಾಯ್ತು ಕಣೇ ಅಂದಿದ್ದರೆ ಸೋತುಬಿಡುತ್ತಿದ್ದೆ. ನಾನು ವರ್ಷವಿಡೀ ದಾರಿ ಕಾದ ಆ ಉಪ್ಪು ಅವನಿಗೆ ನೆನಪೇ ಇರಲಿಲ್ಲ.

“ರೈಟರೇ, ಈ ಸಾಲಿಗೆ ಯಾರನ್ನಾರ ಹಾಕಿ. ಇವನೊಬ್ಬನ್ನ ಬಿಟ್ಟು.”

ಸಂಜೆಯೊಳಗೆ ಅವನು ಎಸ್ಟೇಟು ಬಿಟ್ಟ. ಮತ್ತೆ ಬರಲಿಲ್ಲ.

ಈಗ ದಿನಾ ಮಗುವಿಗೆ ಎಣ್ಣೆ ಹಚ್ಚುವಾಗ ಆ ಕಿವಿಯ ಮಡಿಕೆ ತೀಡುತ್ತೇನೆ, ನೆಟ್ಟಗಾಗಲಿ ಎಂದು. “ಬಿಡವ್ವ, ಚೆಂದಾಗೈತೆ” ಎನ್ನುತ್ತಾಳೆ ಮಗಳು. ಅವಳನ್ನು ಗದರುತ್ತೇನೆ. ಆದರೆ ತೀಡುವುದು ಮೆಲ್ಲಗೆ, ಎಲ್ಲಿ ನೆಟ್ಟಗಾಗಿಬಿಡುತ್ತದೋ ಎಂದು.